ಅರ್ಧ ಜನ ವಾಪಸ್ ಬರಬಹುದಾ? ಪುಟ್ಟ ಮಗು, ಅಜ್ಜಿ-ತಾತನ ಜೊತೆ ಮೈಸೂರು

ಕೆಆರ್‌ಎಸ್‌ನ ಬೃಂದಾವನ, ಸಂಜೆ ಏಳರ ಹತ್ತಿರ. ಸಂಗೀತ ಕಾರಂಜಿ ಇನ್ನೇನು ಶುರುವಾಗಬೇಕು. ಅಕ್ಕನ ಮಗ ಪುಟ್ಟನಿಗೆ ಆಗ ಒಂದೂವರೆ ವರ್ಷ. ದಾರಿಯ ಮಧ್ಯೆ ಅಂಗಾತ ಬಿದ್ದು ಕಾಲು ಬಡಿಯುತ್ತಾ ಅಳುತ್ತಿದ್ದ. ಬಿಸ್ಕತ್ತು ಬೇಡ, ಹಾಲು ಬೇಡ, ಎತ್ತಿಕೊಂಡರೆ ಇನ್ನೂ ಜೋರು. ಬೆಳಿಗ್ಗೆ ಒಂಬತ್ತಕ್ಕೆ ಟೆಂಪೋ ಟ್ರಾವೆಲರ್ ಹತ್ತಿದ್ದೆವು. ಅರಮನೆ ಆಯಿತು, ಮೃಗಾಲಯ ಆಯಿತು, ಬೆಟ್ಟ ಆಯಿತು, ಈಗ ಇದು. ಅಷ್ಟು ಹೊತ್ತಿನಲ್ಲಿ ಅವನು ನಿದ್ದೆ ಮಾಡಿದ್ದು ಬೆಟ್ಟದ ತಿರುವುಗಳಲ್ಲಿ, ಇಪ್ಪತ್ತೇ ನಿಮಿಷ. ಅಕ್ಕನ ಅತ್ತೆ ಒಂದು ಕಟ್ಟೆಯ ಮೇಲೆ ಕೂತು, ಚಪ್ಪಲಿ ಬಿಟ್ಟು, ಪಾದ ಒತ್ತಿಕೊಳ್ಳುತ್ತಿದ್ದರು. ಅವರ ಬಿಪಿ ಮಾತ್ರೆ ಗಾಡಿಯಲ್ಲೇ ಉಳಿದಿತ್ತು. ಗಾಡಿ ಪಾರ್ಕಿಂಗ್‌ನಲ್ಲಿತ್ತು. ಡ್ರೈವರ್ ಫೋನ್ ಎತ್ತುತ್ತಿರಲಿಲ್ಲ.

ಕೊನೆಗೆ ಏಳು ಜನರೂ ಹೊರಟೆವು. ಕಾರಂಜಿಯ ಹಾಡು ಬೆನ್ನ ಹಿಂದೆ ಕೇಳಿಸುತ್ತಿತ್ತು. ಗಾಡಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಕ್ಕನ ಮಾವ ಮೆಲ್ಲಗೆ ಅಂದರು: "ನೀವು ಮಗು ಕರ್ಕೊಂಡು ಹೋಗಿದ್ರೆ ಆಗ್ತಿತ್ತಪ್ಪ. ನಾವು ನೋಡ್ಕೊಂಡು ಬರ್ತಿದ್ವಿ."

"ಹೆಂಗೆ ಬರ್ತಿದ್ರಿ ಅಪ್ಪ? ಇದ್ದಿದ್ದೇ ಒಂದು ಗಾಡಿ," ಅಂದರು ಭಾವ.

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ನಾನು ಮೈಸೂರಿನ ಕುವೆಂಪುನಗರದವಳು. ವರ್ಷಕ್ಕೆ ನಾಲ್ಕೈದು ಸಲವಾದರೂ ಯಾರಾದರೂ ನಂಟರು ಮಕ್ಕಳು-ಮುದುಕರನ್ನು ಕರೆದುಕೊಂಡು ಬರುತ್ತಾರೆ, "ನೀನೇ ಪ್ಲಾನ್ ಮಾಡು" ಅನ್ನುತ್ತಾರೆ. ಅವತ್ತಿನಿಂದ ಹೋಟೆಲು, ಗಾಡಿ, ಜಾಗ ಏನೇ ಇರಲಿ, ಒಂದೇ ಪ್ರಶ್ನೆ ಹಾಕಿ ಆರಿಸುತ್ತೇನೆ: ಮಧ್ಯದಲ್ಲಿ ಅರ್ಧ ಜನ ವಾಪಸ್ ಬರಬೇಕು ಅಂದರೆ ಸುಲಭವಾ? ಮಗುವಿಗೆ ಹಗಲು ನಿದ್ದೆ ಬೇಕು, ತಾತನಿಗೆ ಮೊಣಕಾಲು ನೋವು, ಅಜ್ಜಿಗೆ ಗುಡಿಯಲ್ಲಿ ಇನ್ನೂ ಅರ್ಧ ಗಂಟೆ ಕೂರಬೇಕು, ಅಪ್ಪ-ಅಮ್ಮನಿಗೆ ಒಂದು ದೋಸೆಯನ್ನಾದರೂ ಬಿಸಿಬಿಸಿ ತಿನ್ನಬೇಕು. ನಾಲ್ಕೂ ಒಂದೇ ಗಳಿಗೆಯಲ್ಲಿ ಆಗೋದಿಲ್ಲ. ಬೆಳಿಗ್ಗೆ ತಿಂಡಿಗೆ ಒಟ್ಟಿಗೆ ಕೂತು, ರಾತ್ರಿ ಊಟಕ್ಕೆ ಮತ್ತೆ ಸೇರಿದರೆ ಸಾಕು. ಮೊನ್ನೆ ಫೆಬ್ರವರಿಯಲ್ಲಿ ಅದೇ ಏಳು ಜನ ಮತ್ತೆ ಸೇರಿದ್ದೆವು. ಪುಟ್ಟನಿಗೆ ಇನ್ನೇನು ಮೂರು ತುಂಬಬೇಕು. ಈ ಸಲ ಯಾರೂ ದಾರಿಯಲ್ಲಿ ಬಿದ್ದು ಹೊರಳಾಡಲಿಲ್ಲ.

ದಸರಾನಾ, ಡಿಸೆಂಬರಾ, ಫೆಬ್ರವರಿಯಾ

ದಸರಾ ನೋಡಬೇಕು ಅನ್ನುವ ಆಸೆ ಎಲ್ಲ ಅಜ್ಜಿಯರಿಗೂ ಇರುತ್ತದೆ. ಆ ಹತ್ತು ದಿನ ಊರು ನಿಜಕ್ಕೂ ಚೆಂದ, ಬೀದಿ ಬೀದಿಗೆ ದೀಪ. ಆದರೆ ಎರಡು ವರ್ಷದ ಮಗುವನ್ನು ಜಂಬೂ ಸವಾರಿಯ ಜನಜಂಗುಳಿಗೆ ಕರೆದುಕೊಂಡು ಹೋಗುವುದಕ್ಕೆ ನಾನಂತೂ ಹೂಂ ಅನ್ನುವುದಿಲ್ಲ. ಆನೆ ಬರುವ ಎಷ್ಟೋ ಗಂಟೆ ಮುಂಚೆ ಹೋಗಿ ಕೂರಬೇಕು. ಒಮ್ಮೆ ಕೂತರೆ ಎದ್ದು ಬರಲು ದಾರಿಯೇ ಇರೋದಿಲ್ಲ. ಅರ್ಧ ಜನ ವಾಪಸ್ ಬರುವ ಮಾತು ಅಲ್ಲಿಗೇ ಮುಗಿಯಿತು. ದಸರಾ ಬೇಕೇ ಬೇಕು ಅಂದರೆ ಮೊದಲ ಮೂರ್ನಾಲ್ಕು ದಿನಗಳಲ್ಲಿ ಬನ್ನಿ, ಕೊನೆಯ ಎರಡು ದಿನ ಬಿಡಿ. ಇಲ್ಲ, ವಿಜಯದಶಮಿ ಮುಗಿದ ಮೇಲೆ ಬನ್ನಿ. ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ ಆಮೇಲೂ ಎಷ್ಟೋ ವಾರ ಇರುತ್ತದೆ.

ಡಿಸೆಂಬರ್‌ನಲ್ಲಿ ಹವೆ ಹಿತ, ಜನ ವಿಪರೀತ. ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ಒಂದೇ ಸಮವಸ್ತ್ರದ ಇನ್ನೂರು ಮಕ್ಕಳು ಅರಮನೆಯ ಬಾಗಿಲಲ್ಲಿ ನಿಂತಾಗ ನಿಮ್ಮ ಅತ್ತೆಯ ಮುಖ ನೋಡಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲಿಗೆ ಅರಮನೆಯ ಅಂಗಳವೇ ಕಾದ ಕಾವಲಿ. ಆಷಾಢದಲ್ಲಿ ಶುಕ್ರವಾರ ಒಂದನ್ನು ಬಿಟ್ಟು ಬನ್ನಿ. ಅವತ್ತು ಬೆಟ್ಟಕ್ಕೆ ಇಡೀ ಜಿಲ್ಲೆಯೇ ಹತ್ತುತ್ತದೆ, ಸ್ವಂತ ಗಾಡಿಗಳನ್ನು ಕೆಳಗೇ ತಡೆದು ಬಸ್ಸಿನಲ್ಲಿ ಕಳಿಸುತ್ತಾರೆ.

ನನ್ನ ಆಯ್ಕೆ ಜನವರಿ ಕೊನೆಯಿಂದ ಫೆಬ್ರವರಿ. ಬೆಳಿಗ್ಗೆ ಒಂದು ಸ್ವೆಟರ್, ಹನ್ನೊಂದಕ್ಕೆ ಟೋಪಿ. ಮಕ್ಕಳಿಗೆ ಪರೀಕ್ಷೆ ಹತ್ತಿರವಿರುವ ಕಾಲ, ಹಾಗಾಗಿ ದೊಡ್ಡ ಮಕ್ಕಳಿರುವ ಮನೆಯವರು ಬರೋದಿಲ್ಲ. ಶಾಲೆಗೇ ಸೇರದ ಮಗು ಇರುವವರಿಗೆ ಇದೊಂದು ಲಾಭ, ಇರುವಾಗ ಅನುಭವಿಸಿ. ದಿನ ಆರಿಸುವಾಗ ಎರಡು ನೆನಪಿರಲಿ. ಮೃಗಾಲಯಕ್ಕೂ ಕಾರಂಜಿ ಕೆರೆಗೂ ಮಂಗಳವಾರ ರಜೆ. ಅರಮನೆಯ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ಏಳಕ್ಕೆ. ಭಾನುವಾರ ಬಂದು ಮಂಗಳವಾರ ಮಧ್ಯಾಹ್ನ ಹೊರಟರೆ ಎರಡೂ ಹೊಂದುತ್ತವೆ.

ರೈಲಾ, ಕಾರಾ

ಅಕ್ಕನ ಮನೆ ಬೆಂಗಳೂರಿನ ರಾಜಾಜಿನಗರದಲ್ಲಿ. ಮೊದಲ ಸಲ ಕಾರಿನಲ್ಲಿ ಬಂದರು, ಎರಡನೇ ಸಲ ರೈಲಿನಲ್ಲಿ. ಬೆಂಗಳೂರು ಕಡೆಯಿಂದ ಬರುವವರಿಗೆಲ್ಲ ಇದೇ ಪ್ರಶ್ನೆ.

2023ರ ಮಾರ್ಚ್‌ನಲ್ಲಿ ಹತ್ತು ಪಥದ ಹೆದ್ದಾರಿ ಉದ್ಘಾಟನೆಯಾದ ಮೇಲೆ ಕಾರಿನಲ್ಲಿ ಹಿಡಿಯುವ ಸಮಯ ಬಹಳ ಕಮ್ಮಿಯಾಯಿತು. ಮುಖ್ಯ ರಸ್ತೆ ಹಿಡಿದರೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು ಬರುತ್ತೀರಿ. ದೊಡ್ಡವರಿಗೆ ಇದು ವರ, ಪುಟ್ಟ ಮಗು ಇದ್ದರೆ ಅರ್ಧ ತಲೆನೋವು. "ಸೂಸು" ಅಂದ ತಕ್ಷಣ ನಿಲ್ಲಿಸಲು ಆಗೋದಿಲ್ಲ. ಮುಂದಿನ ಇಳಿದಾರಿ ಬರುವವರೆಗೆ ಕಾಯಬೇಕು, ಟೀಗೂ ವಡೆಗೂ ಸರ್ವೀಸ್ ರಸ್ತೆಗೆ ಇಳಿಯಬೇಕು. ಹಾಗಾಗಿ ಹೊರಡುವಾಗಲೇ ತೀರ್ಮಾನಿಸಿ: ಚನ್ನಪಟ್ಟಣದಲ್ಲಿ ಇಳಿದು ಮರದ ಗೊಂಬೆ ಕೊಳ್ಳುತ್ತೀರಾ, ಮದ್ದೂರಿನಲ್ಲಿ ಇಳಿದು ವಡೆ ತಿನ್ನುತ್ತೀರಾ. ಎರಡೂ ಕಡೆ ಇಳಿದರೆ ಹೆದ್ದಾರಿಯಿಂದ ಉಳಿಸಿದ ಸಮಯವೆಲ್ಲ ಅಲ್ಲೇ ಖರ್ಚು.

ರೈಲಿನಲ್ಲಿ ವಡೆ ತಾನೇ ನಮ್ಮ ಹತ್ತಿರ ಬರುತ್ತದೆ. ಮದ್ದೂರು ಬರುವ ಮುಂಚೆಯೇ ಬುಟ್ಟಿ ಹಿಡಿದವರು ಬೋಗಿಯಲ್ಲಿ ಓಡಾಡುತ್ತಿರುತ್ತಾರೆ. ಮಗು ಎದ್ದು ನಡೆಯಬಹುದು, ಕಿಟಕಿಯಿಂದ ಕಬ್ಬಿನ ಗದ್ದೆ ನೋಡಬಹುದು, ಶೌಚಾಲಯ ಬೋಗಿಯಲ್ಲೇ ಇದೆ, ತಾತ ಕಾಲು ಚಾಚಬಹುದು. ಐದು ವರ್ಷದೊಳಗಿನ ಮಗುವಿಗೆ ಬೇರೆ ಸೀಟು ಬೇಡವೆಂದರೆ ಟಿಕೆಟ್ ಇಲ್ಲ. ಮೈಸೂರು ನಿಲ್ದಾಣ ಊರಿನ ಮಧ್ಯದಲ್ಲೇ ಇದೆ, ಅರಮನೆಗೆ ಎರಡು ಕಿಲೋಮೀಟರ್ ಆಸುಪಾಸು. ಒಂದು ಬೇಜಾರು: ಹಿರಿಯರ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಿದವರು ಮತ್ತೆ ಕೊಟ್ಟಿಲ್ಲ. ಅಕ್ಕನ ಮಾವ ಈಗಲೂ ಪ್ರತಿ ಸಲ ಟಿಕೆಟ್ ತೆಗೆದುಕೊಳ್ಳುವಾಗ ಇದನ್ನು ಹೇಳಿಯೇ ಹೇಳುತ್ತಾರೆ.

ಬಸ್ಸಿಗೆ ನಾನು ಮೂರನೇ ಸ್ಥಾನ ಕೊಡುತ್ತೇನೆ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ. ಆದರೆ ರಶ್ಶಿನಲ್ಲಿ ಮಗು ಎತ್ತಿಕೊಂಡು ನಿಲ್ಲುವುದು ಬೇಡ ಅಂತ.

ಅರ್ಧ ಜನದ ಲೆಕ್ಕದಲ್ಲೂ ರೈಲೇ ವಾಸಿ. ಭಾವನಿಗೆ ಆಫೀಸಿನಿಂದ ಫೋನ್ ಬಂದು ಒಂದು ದಿನ ಮುಂಚೆ ಹೊರಟರು. ದಿನಕ್ಕೆ ಹತ್ತಾರು ರೈಲುಗಳಿವೆ, ಒಂದನ್ನು ಹಿಡಿದು ಹೋದರು. ಕಾರಿನಲ್ಲಿ ಬಂದಿದ್ದರೆ ಎಲ್ಲರ ರಜೆಯೂ ಅವತ್ತೇ ಮುಗಿಯುತ್ತಿತ್ತು.

ಎಲ್ಲಿ ಉಳಿಯೋದು

ಇಲ್ಲಿ ನಾಲ್ಕು ದಾರಿ ಇವೆ. ಊರಿನ ನಡುವಿನ ಹೋಟೆಲು, ಬಡಾವಣೆಯೊಳಗಿನ ಬಾಡಿಗೆ ಮನೆ ಅಥವಾ ಹೋಮ್‌ಸ್ಟೇ, ಊರಾಚೆಯ ರೆಸಾರ್ಟು, ನಂಟರ ಮನೆ.

ನಂಟರ ಮನೆಯ ವಿಷಯ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಆ ನಂಟಳು ನಾನೇ. ಮೊದಲ ಸಲ ಎಲ್ಲರೂ ನಮ್ಮ ಮನೆಯಲ್ಲೇ ಉಳಿದರು. ಎರಡು ಬೆಡ್‌ರೂಮು, ಒಂದೂವರೆ ಬಾತ್‌ರೂಮು. ಬೆಳಿಗ್ಗೆ ಏಳು ಜನರ ಸ್ನಾನ ಮುಗಿಯುವ ಹೊತ್ತಿಗೆ ಒಂಬತ್ತು ಗಂಟೆ. ನಮ್ಮ ಅಮ್ಮ ಮೂರು ದಿನ ಅಡುಗೆಮನೆಯಿಂದ ಆಚೆ ಬರಲಿಲ್ಲ. ಕೆಆರ್‌ಎಸ್‌ಗೆ ಬಲವಂತ ಮಾಡಿ ಕರೆದುಕೊಂಡು ಹೋದರೆ ಅಲ್ಲೂ "ಮೊಸರು ಹೆಪ್ಪು ಹಾಕಿಲ್ಲ" ಅಂದರು. ಬೀಗರ ಮುಂದೆ ಸುಮ್ನೆ ಕೂತಿರೋಕೆ ಅವರಿಗೆ ಆಗುವುದೇ ಇಲ್ಲ. ನಂಟರ ಮನೆಗೆ ಒಂದು ಹೊತ್ತು ಊಟಕ್ಕೆ ಹೋಗಿ, ಉಳಿಯಲು ಬೇರೆ ಜಾಗ ನೋಡಿಕೊಳ್ಳಿ. ಇದನ್ನು ನಾನು ಅಕ್ಕನಿಗೂ ಮುಖದ ಮೇಲೇ ಹೇಳಿದ್ದೇನೆ.

ರೆಸಾರ್ಟು ಚೆಂದ. ಹುಲ್ಲುಹಾಸು, ಈಜುಕೊಳ, ಉಯ್ಯಾಲೆ. ಮಗು ಗೇಟಿನ ಆಚೆ ಬರಲೇ ಒಪ್ಪುವುದಿಲ್ಲ. ಆದರೆ ಊರಿಗೆ ಬರಬೇಕೆಂದರೆ ಹತ್ತು-ಹದಿನೈದು ಕಿಲೋಮೀಟರ್. ಮಧ್ಯಾಹ್ನದ ನಿದ್ದೆಗೆ ವಾಪಸ್ ಹೋಗಿ ಸಂಜೆ ಮತ್ತೆ ಬರುವುದು ಆಗದ ಕೆಲಸ. ಊರು ನೋಡುವುದು ಬೇಡ, ಎರಡು ದಿನ ಸುಮ್ಮನೆ ಇರಬೇಕು ಅನ್ನುವವರಿಗೆ ಮಾತ್ರ ಇದು ಸರಿ.

ಉಳಿದದ್ದು ಎರಡು. ರೈಲ್ವೆ ಸ್ಟೇಷನ್, ಧನ್ವಂತರಿ ರಸ್ತೆ, ಜೆಎಲ್‌ಬಿ ರಸ್ತೆ, ನಜರ್‌ಬಾದ್ ಕಡೆಯ ಹೋಟೆಲುಗಳಿಂದ ಎಲ್ಲವೂ ಹತ್ತಿರ. ಹತ್ತು ನಿಮಿಷ ಆಟೋದಲ್ಲಿ ಯಾರು ಬೇಕಾದರೂ ರೂಮಿಗೆ ಬಂದು ಮಲಗಬಹುದು. ಕಷ್ಟವೆಂದರೆ ಹಾರ್ನಿನ ಸದ್ದು, ಮತ್ತೆ ಬೇರೆ ಬೇರೆ ರೂಮು. ಮಗು ರಾತ್ರಿ ಎಂಟಕ್ಕೆ ಮಲಗಿದರೆ ಅಪ್ಪ-ಅಮ್ಮನೂ ಲೈಟ್ ಆರಿಸಿ ಕತ್ತಲಲ್ಲಿ ಕೂರಬೇಕು. ಗೋಕುಲಂ, ಯಾದವಗಿರಿ, ಜಯಲಕ್ಷ್ಮೀಪುರಂ ಕಡೆ ಮನೆ ಹಿಡಿದರೆ ಒಂದು ಹಾಲ್ ಸಿಗುತ್ತದೆ, ಅಡುಗೆಮನೆ ಸಿಗುತ್ತದೆ. ಬೆಳಿಗ್ಗೆ ರಾಗಿ ಸರಿ, ರಾತ್ರಿ ಮೆತ್ತಗೆ ಅನ್ನ-ತಿಳಿಸಾರು. ಗೋಕುಲಂಗೆ ಯೋಗ ಕಲಿಯಲು ವಿದೇಶದಿಂದ ಬರುವವರು ತಿಂಗಳುಗಟ್ಟಲೆ ಇರುತ್ತಾರೆ, ಹಾಗಾಗಿ ಆ ಕಡೆ ಅಡುಗೆಮನೆ ಇರುವ ಬಾಡಿಗೆ ಮನೆಗಳು ಜಾಸ್ತಿ. ಸ್ಟೇಷನ್ನಿನಿಂದ ದೂರವೂ ಇಲ್ಲ.

ಮಗುವಿಗೆ ಎರಡು ವರ್ಷದೊಳಗಾದರೆ ಮನೆ, ಎರಡು ದಾಟಿ ಇಡ್ಲಿ-ದೋಸೆ ತಿನ್ನುವ ಹಾಗಿದ್ದರೆ ಹೋಟೆಲು. ನಾನು ಹೀಗೆ ವಿಂಗಡಿಸುತ್ತೇನೆ. ಫೆಬ್ರವರಿಯಲ್ಲಿ ಅಕ್ಕನವರು ಹೋಟೆಲಿನಲ್ಲೇ ಉಳಿದರು, ಅಕ್ಕಪಕ್ಕದ ಎರಡು ರೂಮು, ಮಧ್ಯೆ ಒಂದು ಬಾಗಿಲು. ಆ ಬಾಗಿಲಿಗೆ ಕೊಟ್ಟ ದುಡ್ಡು ಇಡೀ ಪ್ರವಾಸದಲ್ಲೇ ಸಾರ್ಥಕವಾದ ಖರ್ಚು. ಪುಟ್ಟ ಬೆಳಿಗ್ಗೆ ಐದೂವರೆಗೆ ಎದ್ದು ನೇರ ತಾತನ ಹಾಸಿಗೆಗೆ ಹೋಗುತ್ತಿದ್ದ. ತಾತ ಹೇಗೂ ನಾಲ್ಕೂವರೆಗೇ ಎದ್ದು ಕೂತಿರುತ್ತಿದ್ದರು. ಅಕ್ಕ ಏಳರವರೆಗೆ ಮಲಗಿದಳು, ಎರಡು ವರ್ಷದಲ್ಲಿ ಮೊದಲ ಸಲ.

ಬುಕ್ ಮಾಡುವ ಮುಂಚೆ ಫೋನ್ ಮಾಡಿ ಕೇಳಲೇಬೇಕಾದ್ದು ಇಷ್ಟು. ಲಿಫ್ಟ್ ಇದೆಯಾ, ಕರೆಂಟ್ ಹೋದಾಗ ಜನರೇಟರ್‌ನಲ್ಲಿ ನಡೆಯುತ್ತಾ? ಬಿಸಿನೀರು ಇಡೀ ದಿನ ಬರುತ್ತಾ, ಬೆಳಿಗ್ಗೆ ಮಾತ್ರವಾ? ರಾತ್ರಿ ಹತ್ತಕ್ಕೆ ಹಾಲು ಕಾಯಿಸಿ ಕೊಡುತ್ತೀರಾ? ಬಾತ್‌ರೂಮಿಗೆ ಇಳಿಯುವ ಕಡೆ ಮೆಟ್ಟಿಲು ಇದೆಯಾ? ಕೊನೆಯದನ್ನು ಯಾರೂ ಕೇಳೋದಿಲ್ಲ. ಹಳೇ ಕಟ್ಟಡಗಳಲ್ಲಿ ಬಾತ್‌ರೂಮಿನ ಬಾಗಿಲಲ್ಲಿ ಗೇಣುದ್ದದ ಮೆಟ್ಟಿಲು ಇರುತ್ತದೆ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ಏಳುವ ಅಜ್ಜಿಗೆ ಅದು ಚಾಮುಂಡಿ ಬೆಟ್ಟಕ್ಕಿಂತ ದೊಡ್ಡದು.

ಒಂದು ದೊಡ್ಡ ಗಾಡಿಯೋ, ಎರಡು ಚಿಕ್ಕವೋ

ಎಲ್ಲರೂ ಹೇಳೋದು ಟೆಂಪೋ ಟ್ರಾವೆಲರ್ ಅಂತ. ಏಳು ಜನ, ಒಂದೇ ಗಾಡಿ, ಹಾಡು, ಹರಟೆ. ಮಜಾ ಇರುತ್ತೆ, ಇಲ್ಲ ಅನ್ನೋದಿಲ್ಲ. ಆದರೆ ಒಬ್ಬರಿಗೆ ಸುಸ್ತಾದರೆ ಏಳೂ ಜನರಿಗೆ ಸುಸ್ತಾದ ಹಾಗೆ. ಮೈಸೂರಿನ ಒಳಗೆ ಓಡಾಡುವುದಕ್ಕೆ ಎರಡು ಆಟೋ ಅಥವಾ ಎರಡು ಕ್ಯಾಬ್ ಸಾಕು. ಅರಮನೆ, ಮೃಗಾಲಯ, ಮಾರ್ಕೆಟ್, ಸ್ಟೇಷನ್ ಎಲ್ಲವೂ ಮೂರ್ನಾಲ್ಕು ಕಿಲೋಮೀಟರ್ ಒಳಗೇ ಇವೆ. ಮಗು ಅತ್ತರೆ ಒಂದು ಆಟೋ ವಾಪಸ್, ಇನ್ನೊಂದು ಮುಂದಕ್ಕೆ. ಶ್ರೀರಂಗಪಟ್ಟಣ, ಕೆಆರ್‌ಎಸ್ ಕಡೆ ಹೋಗುವ ದಿನಕ್ಕೆ ಮಾತ್ರ ದಿನದ ಬಾಡಿಗೆಗೆ ಗಾಡಿ ಮಾಡಿ. ಆಗಲೂ ಒಂದು ಇನ್ನೋವಾ ಬದಲು ಎರಡು ಚಿಕ್ಕ ಕಾರು ಸಿಗುತ್ತಾ ಕೇಳಿ ನೋಡಿ.

ಟಾಂಗಾ ಬಗ್ಗೆ ಕೇಳುತ್ತೀರಿ. ಅರಮನೆಯ ಸುತ್ತ ಒಂದು ರೌಂಡು ಹೋಗಿ, ಮಗು ವರ್ಷವಿಡೀ ನೆನಪಿಟ್ಟುಕೊಳ್ಳುತ್ತದೆ. ಹತ್ತುವ ಮುಂಚೆ ದುಡ್ಡು ಮಾತಾಡಿಕೊಳ್ಳಿ. ಮೊಣಕಾಲು ನೋವಿರುವವರು ಆ ಎತ್ತರದ ಮೆಟ್ಟಿಲು ಹತ್ತೋದು ಬೇಡ. ಅಂಬಾರಿ ಡಬಲ್ ಡೆಕ್ಕರ್ ಬಸ್ಸಿನಲ್ಲೂ ಹಾಗೇ, ಮಜಾ ಇರುವುದು ಮೇಲಿನ ತೆರೆದ ಡೆಕ್ಕಿನಲ್ಲಿ, ಮೆಟ್ಟಿಲು ಇಕ್ಕಟ್ಟು.

ಮೃಗಾಲಯ ಮೇಲೋ, ಅರಮನೆ ಮೇಲೋ

ಒಂದೇ ದಿನ ಎರಡೂ ಬೇಡ. ಇದರಲ್ಲಿ ನನಗೆ ರಾಜಿ ಇಲ್ಲ.

ಮೃಗಾಲಯ 1892ರದು, ಚಾಮರಾಜೇಂದ್ರ ಒಡೆಯರ ಕಾಲದ್ದು. ದೊಡ್ಡ ದೊಡ್ಡ ಮರಗಳು, ನೆರಳು, ಕೂರಲು ಬೆಂಚು. ಆದರೆ ಒಂದು ಸುತ್ತು ಅಂದರೆ ನಿಧಾನಕ್ಕೆ ಎರಡೂವರೆಯಿಂದ ಮೂರು ಗಂಟೆ. ಬೆಳಿಗ್ಗೆ ಎಂಟೂವರೆಗೆ ಗೇಟ್ ತೆಗೆದಾಗಲೇ ಒಳಗಿರಿ. ಪ್ರಾಣಿಗಳೂ ಆ ಹೊತ್ತಿನಲ್ಲಿ ಚುರುಕಾಗಿರುತ್ತವೆ, ಹನ್ನೆರಡರ ಮೇಲೆ ಹುಲಿಯೂ ಮಲಗುತ್ತದೆ, ಮಗುವೂ ಮಲಗುತ್ತದೆ. ನಡೆಯಲಾಗದವರಿಗೆ ಬ್ಯಾಟರಿ ಗಾಡಿ ಇದೆ, ರಜಾದಿನದಲ್ಲಿ ಅದಕ್ಕೂ ಸಾಲು. ಅತ್ತೆ-ಮಾವ ಬ್ಯಾಟರಿ ಗಾಡಿಯಲ್ಲಿ ಹೋದರು, ನಾವು ತಳ್ಳುಗಾಡಿಯಲ್ಲಿ ಪುಟ್ಟನನ್ನು ತಳ್ಳಿಕೊಂಡು ನಡೆದೆವು. ದಾರಿ ಚೆನ್ನಾಗಿದೆ, ಚಕ್ರ ಸಲೀಸಾಗಿ ಉರುಳುತ್ತದೆ. ಒಳಗೆ ಪ್ಲಾಸ್ಟಿಕ್ ಒಯ್ಯುವ ಹಾಗಿಲ್ಲ. ಮಗುವಿನ ತಿಂಡಿ ಸ್ಟೀಲ್ ಡಬ್ಬಿಯಲ್ಲಿರಲಿ, ನೀರು ಸ್ಟೀಲ್ ಬಾಟಲಿಯಲ್ಲಿರಲಿ.

2021ರಲ್ಲಿ ಜರ್ಮನಿಯಿಂದ ತಂದ ಗೊರಿಲ್ಲಾಗಳ ಮುಂದೆ ದೊಡ್ಡವರೆಲ್ಲ ಮೊಬೈಲ್ ಹಿಡಿದು ನಿಂತಿದ್ದರು. ಪುಟ್ಟ ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ಜಿರಾಫೆಯ ಮುಂದೆ ಮಾತ್ರ ಕಾಲು ಗಂಟೆ ನಿಂತ. ಅದು ಕತ್ತು ಬಗ್ಗಿಸಿ ಸೊಪ್ಪು ಎಳೆಯಿತು, ನೇರಳೆ ಬಣ್ಣದ ಉದ್ದ ನಾಲಗೆ ಹೊರಗೆ ಬಂತು. ಪುಟ್ಟ ತನ್ನ ನಾಲಗೆಯನ್ನೂ ಚಾಚಿ, ಬೆರಳಿನಿಂದ ಮುಟ್ಟಿ ನೋಡಿಕೊಂಡ. "ನಂದು ಚಿಕ್ಕದು ಅಜ್ಜಿ," ಅಂದ.

ಮೃಗಾಲಯ ಪೂರ್ತಿ ಬೇಡವೆನಿಸಿದರೆ ಪಕ್ಕದಲ್ಲೇ ಕಾರಂಜಿ ಕೆರೆ. ಸಮತಟ್ಟು ದಾರಿ, ದೋಣಿ, ನಾವೇ ಒಳಗೆ ನಡೆದುಕೊಂಡು ಹೋಗುವಷ್ಟು ದೊಡ್ಡ ಪಕ್ಷಿಗೂಡು, ನವಿಲುಗಳು. ಮಗುವಿಗೆ ಎರಡು ವರ್ಷದೊಳಗಿದ್ದರೆ, ತಾತನಿಗೆ ಎಪ್ಪತ್ತೈದು ದಾಟಿದ್ದರೆ, ಮೃಗಾಲಯಕ್ಕಿಂತ ಇದೇ ಒಳ್ಳೆಯದು. ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ, ಯಾವ ಗಳಿಗೆಯಲ್ಲಾದರೂ ತಿರುಗಿ ಗೇಟಿಗೆ ಬರಬಹುದು.

ಅರಮನೆ ಹಿರಿಯರದು. 1897ರಲ್ಲಿ ಮರದ ಅರಮನೆ ಸುಟ್ಟುಹೋಗಿ, 1912ಕ್ಕೆ ಈ ಕಲ್ಲಿನದು ಮುಗಿಯಿತು. ಹೆನ್ರಿ ಇರ್ವಿನ್ ನಕ್ಷೆ ಮಾಡಿದ್ದು. ಇದನ್ನೆಲ್ಲ ಅಕ್ಕನ ಮಾವ ನನಗೆ ಹೇಳಿದರು, ನಿವೃತ್ತ ಮೇಷ್ಟ್ರು ಅವರು. ಕಲ್ಯಾಣ ಮಂಟಪದ ಬಣ್ಣದ ಗಾಜಿನ ನವಿಲುಗಳ ಕೆಳಗೆ, ಗೋಡೆಯ ದಸರಾ ಮೆರವಣಿಗೆಯ ಚಿತ್ರಗಳ ಮುಂದೆ ಒಂದೊಂದಕ್ಕೂ ಐದು ನಿಮಿಷ ನಿಂತರು. ಪುಟ್ಟ ಜೊತೆಯಲ್ಲಿದ್ದರೆ ಇದು ಆಗುವ ಮಾತೇ ಅಲ್ಲ. ಚಪ್ಪಲಿ ಬಿಟ್ಟು ಹೋಗಬೇಕು, ದರ್ಬಾರ್ ಹಾಲಿಗೆ ಮೆಟ್ಟಿಲು ಹತ್ತಬೇಕು, ಜನರ ಸಾಲು ಒಂದೇ ದಿಕ್ಕಿಗೆ ಹೋಗುತ್ತಿರುತ್ತದೆ. ಹಿಂದಕ್ಕೆ ಬರಲಾಗದು. ಹಾಗಾಗಿ ಇಲ್ಲಿ ಬಾಗಿಲಲ್ಲೇ ಎರಡು ತಂಡ ಮಾಡಿಕೊಳ್ಳಿ. ಹಿರಿಯರು ಒಳಗೆ, ಮಗು ಅಂಗಳದಲ್ಲಿ. ಅಷ್ಟು ದೊಡ್ಡ ಅಂಗಳ, ಪಾರಿವಾಳಗಳ ಹಿಂಡು. ಮಗುವಿಗೆ ಅಂಬಾರಿಗಿಂತ ಪಾರಿವಾಳವೇ ದೊಡ್ಡದು. ಅತ್ತೆಯವರಿಗೆ ಕಾಲುಚೀಲ ಹಾಕಿಸಿ, ಬಿಸಿಲಿಗೆ ಕಲ್ಲು ಸುಡುತ್ತದೆ.

ದೀಪಾಲಂಕಾರಕ್ಕೆ ಎಲ್ಲರೂ ಹೋಗಬಹುದು. ಏಳು ಗಂಟೆಗೆ ಒಂದು ಲಕ್ಷದ ಹತ್ತಿರ ಬಲ್ಬು ಒಂದೇ ಸಲಕ್ಕೆ ಹತ್ತಿಕೊಳ್ಳುವಾಗ ಇಡೀ ಜನ "ಹೋ" ಅನ್ನುತ್ತಾರೆ. ಹತ್ತು ನಿಮಿಷ ನೋಡಿದರೂ ನೋಡಿದ ಹಾಗೆಯೇ. ಆಮೇಲೆ ಮಗು ರೂಮಿಗೆ, ಮಿಕ್ಕವರು ಪೊಲೀಸ್ ಬ್ಯಾಂಡ್ ಕೇಳುತ್ತಾ ಕೂರಲಿ.

ಬೆಟ್ಟ, ಹೊಳೆ

ಚಾಮುಂಡಿ ಬೆಟ್ಟ ತಪ್ಪಿಸಲು ಆಗೋದಿಲ್ಲ. ಅಜ್ಜಿಯರು ಬಿಡೋದಿಲ್ಲ. ಬೆಳಿಗ್ಗೆ ಬೇಗ ಹೋಗಿ, ದರ್ಶನಕ್ಕೆ ಸಾಲು ಚಿಕ್ಕದಿರುತ್ತದೆ. ಭಾವ ಒಬ್ಬರೇ ಆರಕ್ಕೆ ಎದ್ದು ಸಾವಿರ ಮೆಟ್ಟಿಲು ಹತ್ತಿ ಬಂದರು, ದಾರಿಯಲ್ಲಿ ನಂದಿಯನ್ನೂ ನೋಡಿಕೊಂಡರು. ನಾವು ಕ್ಯಾಬಿನಲ್ಲಿ ಮೇಲೆ ಹೋದೆವು. ಸಿಟಿ ಬಸ್ಸೂ ಇದೆ, 201 ನಂಬರು. ಅಜ್ಜಿಯರು ಸಾಲಿನಲ್ಲಿ ನಿಂತಾಗ ಪುಟ್ಟ ಮಹಿಷಾಸುರನ ಮುಂದೆ ನಿಂತ. ಒಂದು ಕೈಯಲ್ಲಿ ಕತ್ತಿ, ಒಂದು ಕೈಯಲ್ಲಿ ಹಾವು. ಹೆದರಲಿಲ್ಲ. "ಅವನ ಚಪ್ಪಲಿ ಎಲ್ಲಿ?" ಅಂತ ಕೇಳಿದ.

ಊರಾಚೆಗೆ ಒಂದೇ ಜಾಗಕ್ಕೆ ಹೋಗಲು ಸಮಯವಿದ್ದರೆ, ಕೆಆರ್‌ಎಸ್ ಬಿಟ್ಟು ರಂಗನತಿಟ್ಟು ಅನ್ನುತ್ತೇನೆ. ಬೃಂದಾವನದಲ್ಲಿ ಗೇಟಿನಿಂದ ಕಾರಂಜಿಯವರೆಗೆ ನಡೆಯುವುದೇ ದೊಡ್ಡ ಕೆಲಸ, ಹಂತ ಹಂತಕ್ಕೆ ಮೆಟ್ಟಿಲು. ನೋಡಬೇಕಾದ್ದು ಕತ್ತಲಾದ ಮೇಲೆ, ಮಗು ಮಲಗುವ ಹೊತ್ತಿಗೆ. ಆಮೇಲೆ ಇಪ್ಪತ್ತು ಕಿಲೋಮೀಟರ್ ವಾಪಸ್. ಐದು ವರ್ಷ ದಾಟಿದ ಮಕ್ಕಳಿಗೆ ಅದು ಸ್ವರ್ಗ, ಆಗ ಬನ್ನಿ. ರಂಗನತಿಟ್ಟಿನಲ್ಲಿ ಬೆಳಿಗ್ಗೆ ಬಿದಿರಿನ ನೆರಳು, ದೋಣಿಯಲ್ಲಿ ಚಿಕ್ಕ ಸುತ್ತು. ಜನವರಿಯಿಂದ ಬೇಸಿಗೆಯವರೆಗೆ ಕೊಕ್ಕರೆಗಳು ಗೂಡು ಕಟ್ಟುತ್ತಿರುತ್ತವೆ, ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಬಿದ್ದಿರುತ್ತದೆ. ಮಳೆಗಾಲದಲ್ಲಿ ಕಟ್ಟೆಯಿಂದ ನೀರು ಬಿಟ್ಟರೆ ದೋಣಿ ಇಲ್ಲ, ಆಗ ಹೋಗಿ ಪ್ರಯೋಜನವಿಲ್ಲ. ದೋಣಿ ಬೇಡ ಅನ್ನುವವರು ಕೆಳಗೆ ಬೆಂಚಿನ ಮೇಲೆ ಕೂರಬಹುದು. ನಮ್ಮ ಅಮ್ಮ ಕೂತರು. ಮೊಸಳೆ ಇರುವ ನೀರಿಗೆ ಅವರು ಇಳಿಯಲಾರರಂತೆ.

ವಾಪಸ್ ಬರುವಾಗ ಶ್ರೀರಂಗಪಟ್ಟಣದ ರಂಗನಾಥಸ್ವಾಮಿ, ಅಥವಾ ಗಂಜಾಮಿನ ನಿಮಿಷಾಂಬ, ಯಾವುದಾದರೂ ಒಂದು. ಸಂಗಮ, ಸ್ನಾನಘಟ್ಟದ ಕಡೆ ಮಗುವನ್ನು ಕೆಳಗೆ ಬಿಡಲೇಬೇಡಿ. ಮೆಟ್ಟಿಲು ಪಾಚಿ ಕಟ್ಟಿರುತ್ತದೆ, ಹೊಳೆಯ ಸೆಳೆತ ಮೇಲಿನಿಂದ ಕಾಣೋದಿಲ್ಲ.

ಊಟದ ವಿಷಯ

ಮೈಸೂರಿನಲ್ಲಿ ಹಲ್ಲಿಲ್ಲದವರಿಗೂ ಹಲ್ಲು ಬರುತ್ತಿರುವವರಿಗೂ ಒಂದೇ ತಿಂಡಿ ಸಾಕು: ಮೈಲಾರಿ ದೋಸೆ. ಹಂಚಿನ ಗರಿಗರಿ ದೋಸೆಯಲ್ಲ, ಹತ್ತಿಯ ಹಾಗೆ ಮೆತ್ತಗೆ, ಮೇಲೆ ಬೆಣ್ಣೆ. ಪುಟ್ಟನೂ ತಾತನೂ ಒಂದೇ ತಟ್ಟೆಯಲ್ಲಿ ತಿಂದರು. ನಜರ್‌ಬಾದಿನ ಅಂಗಡಿ ಚಿಕ್ಕದು, ಟೇಬಲ್ಲಿಗೆ ಕಾಯಬೇಕು. ಎಂಟರೊಳಗೆ ಹೋಗಿ. ಮಧ್ಯಾಹ್ನ ಖಾರದ ಊಟದ ಹೋಟೆಲುಗಳಲ್ಲಿ ಮೊದಲೇ ಮೊಸರನ್ನ ಹೇಳಿಬಿಡಿ. ಮೈಸೂರು ಪಾಕ್ ಕೊಳ್ಳುವಾಗ ಸಕ್ಕರೆ ಕಾಯಿಲೆಯ ಮಾವನಿಗೆ ಗೊತ್ತಾಗದ ಹಾಗೆ ಕೊಳ್ಳಿ. ನಮಗೆ ಅದು ಸಾಧ್ಯವಾಗಲಿಲ್ಲ.

ದೇವರಾಜ ಮಾರ್ಕೆಟ್ಟಿಗೆ ಅಜ್ಜಿಯರನ್ನು ಮಾತ್ರ ಕಳಿಸಿ. ತಳ್ಳುಗಾಡಿ ಅಲ್ಲಿ ಹೋಗೋದಿಲ್ಲ. ಅವರು ಮಲ್ಲಿಗೆ, ರಸಬಾಳೆ, ವೀಳ್ಯದೆಲೆ ಅಂತ ಎರಡು ಗಂಟೆ ಕಳೆಯುತ್ತಾರೆ, ಮಗು ಅಷ್ಟು ಹೊತ್ತಿಗೆ ನಿದ್ದೆ ಮುಗಿಸಿರುತ್ತದೆ.

ಹೊರಡುವ ದಿನ

ರೂಮು ಹನ್ನೆರಡಕ್ಕೆ ಬಿಡಬೇಕು, ರೈಲು ಎರಡೂ ಮುಕ್ಕಾಲಿಗೆ. ಈ ಮಧ್ಯದ ಹೊತ್ತಿನಲ್ಲೇ ಎಲ್ಲ ಜಗಳ ಆಗುವುದು. ಮಾಲ್‌ಗೆ ಹೋಗೋಣ ಅಂತ ಒಬ್ಬರು, ಜಗನ್ಮೋಹನ ಅರಮನೆಯ ಚಿತ್ರಗಳನ್ನು ನೋಡೋಣ ಅಂತ ಇನ್ನೊಬ್ಬರು. ಚಿತ್ರಶಾಲೆ ಒಳ್ಳೆಯದೇ, ಆದರೆ ಕೈಯಲ್ಲಿ ನಾಲ್ಕು ಬ್ಯಾಗು, ಒಂದು ಮಗು.

ನಾವು ನೇರ ಸ್ಟೇಷನ್ನಿಗೆ ಹೋದೆವು. ಅಜ್ಜಿಯರು ಕಾಯುವ ಕೊಠಡಿಯಲ್ಲಿ ಲಗೇಜ್ ಇಟ್ಟುಕೊಂಡು, ಕಾಲು ಚಾಚಿ, ಡಬ್ಬಿ ಬಿಚ್ಚಿದರು. ಸ್ಟೇಷನ್ನಿನ ಪಕ್ಕದಲ್ಲೇ, ಸಿಎಫ್‌ಟಿಆರ್‌ಐ (ಆಹಾರ ಸಂಶೋಧನಾ ಸಂಸ್ಥೆ) ಎದುರು ರೈಲ್ವೆ ಮ್ಯೂಸಿಯಂ. 1979ರಿಂದ ಇದೆ, ಮೈಸೂರಿನ ಎಷ್ಟೋ ಜನ ಒಳಗೆ ಕಾಲಿಟ್ಟಿಲ್ಲ. ಹಳೇ ಉಗಿಬಂಡಿಗಳು ಮರದ ಕೆಳಗೆ ನಿಂತಿವೆ, ಹತ್ತಬಹುದು, ಮುಟ್ಟಬಹುದು. ಮಹಾರಾಣಿಯವರ ಸಲೂನ್ ಬೋಗಿಯೊಳಗೆ ಮಂಚವೂ ಇದೆ, ಅಡುಗೆಮನೆಯೂ ಇದೆ. ಒಂದು ಗಂಟೆ ಸಾಕು. ಮಗುವಿಗೆ ಬೇಜಾರಾದರೆ ಹತ್ತು ನಿಮಿಷದಲ್ಲಿ ಪ್ಲಾಟ್‌ಫಾರ್ಮ್.

ಅಲ್ಲೊಂದು ಪುಟಾಣಿ ರೈಲಿದೆ. ಪುಟ್ಟ ಟಿಕೆಟ್ ಕಿಟಕಿಯ ಹತ್ತಿರ ತಾತನ ಪಂಚೆ ಹಿಡಿದು ಎಳೆದ. "ನೀನು ಅಮ್ಮನ ಜೊತೆ ಹೋಗಪ್ಪ, ನನ್ನ ಮಂಡಿ ಮಡಚೋಕೆ ಆಗಲ್ಲ," ಅಂದರು. ಪುಟ್ಟ ಬಿಡಲಿಲ್ಲ. ಅಕ್ಕ, ನಾನು ಬೇಲಿಯ ಹತ್ತಿರ ನಿಂತು ನೋಡಿದೆವು. ಸೀಟು ನೆಲಕ್ಕೆ ಹತ್ತಿರ, ಮಾವನ ಮೊಣಕಾಲು ಗಲ್ಲದವರೆಗೆ ಬಂದಿತ್ತು. ರೈಲು ಹೊರಟಿತು, ತಿರುವಿನಲ್ಲಿ ಮರೆಯಾಯಿತು, ಮತ್ತೆ ಬಂತು. ಪುಟ್ಟ ಆಗಲೇ ಇಳಿಯಲು ತಯಾರಾಗಿ ಎದ್ದು ನಿಂತಿದ್ದ. ಮಾವ ಮಾತ್ರ ಹಾಗೇ ಕೂತು ಜೇಬಿನಲ್ಲಿ ಚಿಲ್ಲರೆ ಹುಡುಕುತ್ತಿದ್ದರು.

"ಇನ್ನೊಂದು ರೌಂಡ್‌ಗೆ ಟಿಕೆಟ್ ತಗೊಳಮ್ಮಾ," ಅಂದರು ಅಕ್ಕನಿಗೆ.